ನಿಮಗಿದು ಗೊತ್ತೇ? ಕ್ಲಬ್ ಕ್ರಿಕೆಟ್ ನಾಯಕರಿಗೆ, ಆಟಗಾರರಿಗೆ

ಭಾನುವಾರದ ಲೀಗ್ ಪಂದ್ಯಕ್ಕೆ ವಿಡಿಯೊ ವಿಶ್ಲೇಷಕರು ಬರುವುದಿಲ್ಲ, ಎಷ್ಟೋ ತಂಡಗಳಿಗೆ ಕೋಚ್ ಕೂಡ ಇರುವುದಿಲ್ಲ. ನಿಯಮ ಬಲ್ಲ, ಮೈದಾನವನ್ನು ಓದಬಲ್ಲ ನಾಯಕನೊಬ್ಬನಿದ್ದರೆ ಆ ಕೊರತೆ ಬಹುಮಟ್ಟಿಗೆ ನೀಗುತ್ತದೆ.

ಅಪೀಲ್ ಮಾಡದೆ ಅಂಪೈರ್ ಔಟ್ ಕೊಡುವಂತಿಲ್ಲ. ಆದರೆ ಕೇಳಲು ಅವಸರವೂ ಇಲ್ಲ. ಮುಂದಿನ ಎಸೆತಕ್ಕೆ ಬೌಲರ್ ಓಟ ಶುರುಮಾಡುವವರೆಗೂ ಕೇಳಬಹುದು. ಒಂದೇ ಕೂಗು ಎಲ್ಲ ಬಗೆಯ ಔಟ್‌ಗೂ ಸಾಕು. ಕೀಪರ್ ಕ್ಯಾಚ್ ಎಂದುಕೊಂಡು ಕೂಗಿರುತ್ತಾನೆ. ಚೆಂಡು ಬ್ಯಾಟಿಗೆ ತಾಗಿಲ್ಲದಿದ್ದರೂ ಬೇಲ್ಸ್ ಹಾರಿದಾಗ ಬ್ಯಾಟರ್ ಕ್ರೀಸ್‌ನಿಂದ ಹೊರಗಿದ್ದರೆ, ಅದೇ ಕೂಗಿಗೆ ಲೆಗ್ ಅಂಪೈರ್ ಸ್ಟಂಪಿಂಗ್ ಕೊಡಬಹುದು.

ಅಪೀಲನ್ನು ವಾಪಸ್ ಪಡೆಯುವ ಹಕ್ಕು ನಾಯಕನಿಗೆ ಮಾತ್ರ, ಅದೂ ಅಂಪೈರ್ ಒಪ್ಪಿದರೆ. 1980ರ ಮುಂಬೈ ಟೆಸ್ಟ್‌ನಲ್ಲಿ ನಮ್ಮ ಗುಂಡಪ್ಪ ವಿಶ್ವನಾಥ್ ಭಾರತದ ನಾಯಕ. ಇಂಗ್ಲೆಂಡಿನ ಬಾಬ್ ಟೇಲರ್ ಔಟ್ ಎಂದು ಅಂಪೈರ್ ತೀರ್ಪು ಕೊಟ್ಟಾಗಿತ್ತು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನವರಿಕೆಯಾದ ವಿಶಿ, ಟೇಲರ್‌ರನ್ನು ಮರಳಿ ಕರೆಸಿದರು. ಬೋಥಮ್ ಜೊತೆ ಟೇಲರ್ 171 ರನ್ ಸೇರಿಸಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ಆ ನಿರ್ಧಾರ ತಪ್ಪೆಂದು ನಾನಂತೂ ಒಪ್ಪುವುದಿಲ್ಲ.

ಲೆಗ್ ಸೈಡ್‌ನಲ್ಲಿ ಬ್ಯಾಟರ್‌ನ ಕ್ರೀಸ್ ಗೆರೆಯ ಹಿಂದೆ, ಕೀಪರ್ ಬಿಟ್ಟು, ಇಬ್ಬರಿಗಿಂತ ಹೆಚ್ಚು ಫೀಲ್ಡರ್‌ಗಳು ನಿಂತರೆ ನೋಬಾಲ್. 1932-33ರ ಬಾಡಿಲೈನ್ ಸರಣಿಯ ಕಹಿ ನೆನಪು ಹಿನ್ನೆಲೆಯಲ್ಲಿದ್ದ ಈ ಮಿತಿ 1957ರಲ್ಲಿ ಬಂತು. ಫೈನ್ ಲೆಗ್ ಮತ್ತು ಲೆಗ್ ಸ್ಲಿಪ್ ಇಬ್ಬರನ್ನೂ ಇಟ್ಟಿದ್ದೀರಾ? ಹಾಗಾದರೆ ಸ್ಕ್ವೇರ್ ಲೆಗ್‌ನವನು ಮಾತಾಡುತ್ತಾ ನಾಲ್ಕು ಹೆಜ್ಜೆ ಹಿಂದೆ ಸರಿಯದಂತೆ ನೋಡಿಕೊಳ್ಳಿ.

ಬಳಸದ ಹೆಲ್ಮೆಟ್ ಮೈದಾನದಲ್ಲಿ ಇರಬಹುದಾದ ಜಾಗ ಒಂದೇ: ಕೀಪರ್‌ನ ಹಿಂದೆ, ಸ್ಟಂಪ್‌ಗಳ ನೇರಕ್ಕೆ. ಅಲ್ಲಿದ್ದರೂ ಚೆಂಡು ತಗುಲಿದರೆ ಎದುರಾಳಿಗೆ 5 ರನ್. ಬೌಂಡರಿ ಆಚೆ ಕಳಿಸುವುದೇ ಕ್ಷೇಮ.

ಬೌಲರ್ ಸೋತಂತೆ ಕಂಡಾಗ ಬೌಲರನ್ನೇ ಬದಲಿಸಬೇಕಿಲ್ಲ, ತುದಿಯನ್ನು ಬದಲಿಸಿ ನೋಡಬಹುದು. 1981ರ ಹೆಡಿಂಗ್ಲೆ ಟೆಸ್ಟ್‌ನಲ್ಲಿ ಫಾಲೋಆನ್‌ಗೆ ಸಿಲುಕಿದ್ದ ಇಂಗ್ಲೆಂಡ್, ಕೊನೆಗೆ ಆಸ್ಟ್ರೇಲಿಯಾಕ್ಕೆ ಕೊಟ್ಟ ಗುರಿ ಕೇವಲ 130. ಬಾಬ್ ವಿಲ್ಲಿಸ್‌ಗೆ ಮೊದಲ ಇನಿಂಗ್ಸ್‌ನಲ್ಲಿ ಒಂದೂ ವಿಕೆಟ್ ಸಿಕ್ಕಿರಲಿಲ್ಲ. ಎರಡನೆಯದರಲ್ಲೂ ಏರಿನ ಕಡೆಗೆ, ಎದುರುಗಾಳಿಗೆ ಓಡಿ ಬೌಲ್ ಮಾಡುತ್ತಾ ಪರದಾಡುತ್ತಿದ್ದರು. ನಾಯಕ ಮೈಕ್ ಬ್ರಿಯರ್ಲಿ ಅವರನ್ನು ಇಳಿಜಾರು ಮತ್ತು ಗಾಳಿ ಎರಡೂ ಜೊತೆಗಿದ್ದ ಕರ್ಕ್‌ಸ್ಟಾಲ್ ಲೇನ್ ತುದಿಗೆ ಕಳಿಸಿದರು. 1 ವಿಕೆಟ್‌ಗೆ 56 ರನ್ ಗಳಿಸಿದ್ದ ಆಸ್ಟ್ರೇಲಿಯಾ 111ಕ್ಕೆ ಆಲೌಟ್, ವಿಲ್ಲಿಸ್ 43 ರನ್‌ಗೆ 8 ವಿಕೆಟ್! ಒಬ್ಬ ಬೌಲರ್ ಎಷ್ಟು ಸಲ ಬೇಕಾದರೂ ತುದಿ ಬದಲಿಸಬಹುದು, ಸತತ ಎರಡು ಓವರ್ ಮಾತ್ರ ಹಾಕುವಂತಿಲ್ಲ. ಟಾಸ್‌ಗೆ ಮುನ್ನ ಚಿಟಿಕೆ ಮಣ್ಣು ತೂರಿ ಗಾಳಿ ಯಾವ ಕಡೆಗೆಂದು ನೋಡಿ. ಮಧ್ಯಾಹ್ನದ ಹೊತ್ತಿಗೆ ಅದು ತಿರುಗಿರಲೂಬಹುದು, ಊಟದ ನಂತರ ಮತ್ತೊಮ್ಮೆ ನೋಡಿ.

ಬ್ಯಾಟಿನ ಗರಿಷ್ಠ ಅಗಲ 10.8 ಸೆಂ.ಮೀ. ಅಂದರೆ ನಡುವಿನಿಂದ ಅಂಚಿಗೆ ಬರೀ 5.4 ಸೆಂ.ಮೀ. ಮೊಳದಷ್ಟು ತಿರುಗಿಸಲು ಹೆಣಗುವ ಹುಡುಗ ಸ್ಪಿನ್ನರ್‌ಗೆ ಈ ಲೆಕ್ಕ ಹೇಳಿ. ನಾಲ್ಕು ಬೆರಳಿನಷ್ಟು ತಿರುಗಿದರೂ ಕ್ಯಾಚ್ ಹುಟ್ಟುತ್ತದೆ.

ಆ ಕ್ಯಾಚ್ ಹಿಡಿಯುವವರು ಬೇಕಲ್ಲ! ಏಕನಾಥ್ ಸೋಲ್ಕರ್ 27 ಟೆಸ್ಟ್‌ಗಳಲ್ಲಿ 53 ಕ್ಯಾಚ್ ಹಿಡಿದರು, ಹೆಚ್ಚಿನವು ಹೆಲ್ಮೆಟ್ ಇಲ್ಲದೆ ಬ್ಯಾಟಿನ ಮಗ್ಗುಲಲ್ಲಿ ನಿಂತು. 1971ರ ಓವಲ್ ಟೆಸ್ಟ್‌ನಲ್ಲಿ ಚಂದ್ರಶೇಖರ್ 38 ರನ್‌ಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದಾಗಲೂ ಶಾರ್ಟ್ ಲೆಗ್‌ನಲ್ಲಿದ್ದದ್ದು ಅವರೇ. ನಮ್ಮ ಕ್ಲಬ್‌ಗಳಲ್ಲಿ ಆ ಜಾಗಕ್ಕೆ ತಂಡದ ಅತಿ ಕಿರಿಯನನ್ನು ತಳ್ಳುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಹೆಲ್ಮೆಟ್ ಹಾಕಿಸಿ, ಅತ್ಯುತ್ತಮ ಕೈಗಳಿರುವವನನ್ನೇ ನಿಲ್ಲಿಸಿ. ಮೊದಲ ಸ್ಲಿಪ್‌ನವನು ಬೌಲರ್‌ನ ಕೈಯಿಂದಲೇ ಚೆಂಡನ್ನು ನೋಡಲಿ, ಪಕ್ಕದವರು ಬ್ಯಾಟಿನ ಅಂಚಿನ ಮೇಲೆ ಕಣ್ಣಿಡಲಿ.

ನಾನ್‌ಸ್ಟ್ರೈಕರ್ ಬೇಗ ಕ್ರೀಸ್ ಬಿಟ್ಟರೆ ಬೌಲರ್ ಔಟ್ ಮಾಡುವುದು ಮೋಸವಲ್ಲ. 1947ರಲ್ಲಿ ಸಿಡ್ನಿಯಲ್ಲಿ ವಿನೂ ಮಂಕಡ್, ಬಿಲ್ ಬ್ರೌನ್‌ರನ್ನು ಹೀಗೆ ಔಟ್ ಮಾಡಿದ್ದು ದೊಡ್ಡ ವಿವಾದವಾಯಿತು. 2022ರಿಂದ ಇದು ರನೌಟ್ ನಿಯಮದಡಿಯಲ್ಲೇ ಇದೆ. ಚೆಂಡು ಬೌಲರ್‌ನ ಕೈ ಬಿಡುವವರೆಗೂ ಬ್ಯಾಟ್ ಕ್ರೀಸ್‌ನೊಳಗೇ ಊರಿರಲಿ.

ವಿಕೆಟ್ ಬಿದ್ದ 3 ನಿಮಿಷದೊಳಗೆ ಹೊಸ ಬ್ಯಾಟರ್ ಆಡಲು ಸಿದ್ಧನಿರಬೇಕು. 2023ರ ವಿಶ್ವಕಪ್‌ನಲ್ಲಿ ಈ ಅವಧಿ 2 ನಿಮಿಷ. ದೆಹಲಿಯಲ್ಲಿ ಹೆಲ್ಮೆಟ್ ಪಟ್ಟಿ ಕಿತ್ತು ತಡವಾದ ಏಂಜೆಲೊ ಮ್ಯಾಥ್ಯೂಸ್, ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಟೈಮ್ಡ್ ಔಟ್ ಆದ ಮೊದಲಿಗರಾದರು. ಪ್ಯಾಡ್ ಹಂಚಿಕೊಂಡು ಆಡುವ ತಂಡಗಳೇ, ಗಮನಿಸಿ.

ಮ್ಯಾಟ್ ಮೇಲೆ ಆಡುವವರಿಗೆ ಒಂದು ಮಾತು. ಬಿಗಿಯಾಗಿ ಎಳೆದ ಮ್ಯಾಟ್‌ನಲ್ಲಿ ಪುಟಿತ ಹೆಚ್ಚು, ಸಡಿಲವಿದ್ದರೆ ತಿರುವು ಹೆಚ್ಚು. 1956ರಲ್ಲಿ ಕರಾಚಿಯ ಮ್ಯಾಟ್ ಮೇಲೆ ಫಜಲ್ ಮಹಮೂದ್ 13 ವಿಕೆಟ್ ಪಡೆದರು, ಆಸ್ಟ್ರೇಲಿಯಾ ಮೊದಲ ಇನಿಂಗ್ಸ್‌ನಲ್ಲಿ 80ಕ್ಕೆ ಆಲೌಟ್. ಮೊಳೆಗಳನ್ನು ನೀವೇ ಕೈಯಾರೆ ಮುಟ್ಟಿ ನೋಡಿ, ಆಮೇಲೆ ಮೊದಲು ಬ್ಯಾಟಿಂಗೋ ಬೌಲಿಂಗೋ ತೀರ್ಮಾನಿಸಿ.

ಇನ್ನೊಂದು ಬದಲಾವಣೆ ಎಷ್ಟೋ ತಂಡಗಳಿಗೆ ಇನ್ನೂ ತಲುಪಿಲ್ಲ. ಬ್ಯಾಟರ್ ಕ್ಯಾಚ್ ಔಟಾದರೆ, ಇಬ್ಬರೂ ಓಡಿ ಒಬ್ಬರನ್ನೊಬ್ಬರು ದಾಟಿದ್ದರೂ ಸರಿ, ಓವರ್ ಮುಗಿದಿರದಿದ್ದರೆ ಮುಂದಿನ ಎಸೆತ ಹೊಸಬನಿಗೇ. 2022ರ ಅಕ್ಟೋಬರ್ 1ರಿಂದ ಇದು ನಿಯಮ. ಹಾಗಾಗಿ ಚೆಂಡು ಮೇಲೆ ಹಾರಿದಾಗ ದಾಟಿಕೊಂಡು ಸ್ಟ್ರೈಕ್ ಉಳಿಸುವ ಹಳೆಯ ಉಪಾಯ ಈಗ ಫಲಿಸುವುದಿಲ್ಲ. ಫೀಲ್ಡಿಂಗ್ ನಾಯಕರೇ, ಕ್ಯಾಚ್ ಹಿಡಿದವನ ಬೆನ್ನು ತಟ್ಟಿದ ಕೂಡಲೇ ಒಬ್ಬ ಸ್ಲಿಪ್, ಒಬ್ಬ ಶಾರ್ಟ್ ಲೆಗ್ ಒಳಗೆ ಬರಲಿ. ಹೊಸಬ ಗಾರ್ಡ್ ತೆಗೆದುಕೊಂಡು ತಲೆಯೆತ್ತುವಷ್ಟರಲ್ಲಿ ಅವರು ಅಲ್ಲಿ ನಿಂತಿರಬೇಕು.