ಅಡಿಕೆಗೆ ಹೋದ ಮಾನವೂ ಸನ್ನಡತೆಯ ಮುಚ್ಚಳಿಕೆಯೂ

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯು ಮಲೆನಾಡಿನವರಿಗೆ ಬರಿಯ ಮಾತಿನ ಅಲಂಕಾರವಲ್ಲ. ನರಸಿಂಹರಾಜಪುರ ತಾಲೂಕಿನ ಸೀತೂರಿನಂಥ ಊರುಗಳಲ್ಲಿ ಸುಗ್ಗಿ ಬಂದಿತೆಂದರೆ ಒಂದು ವರ್ಷದ ದುಡಿಮೆಯೆಲ್ಲವೂ ಮನೆಯಂಗಳದಲ್ಲಿ ಬಯಲಿಗೆ ಬಿದ್ದು ಒಣಗುತ್ತಿರುತ್ತದೆ. ಈಚಿನ ವರ್ಷಗಳಲ್ಲಿ ರಾಶಿ ಅಡಿಕೆಯು ಕ್ವಿಂಟಾಲಿಗೆ 40-50 ಸಾವಿರ ರೂಪಾಯಿ ಬಾಳತೊಡಗಿದಂದಿನಿಂದ ರಾತ್ರಿಯ ಕಾವಲೂ ಬೆಳೆಗಾರನ ಕೆಲಸಗಳಲ್ಲೊಂದಾಗಿದೆ. ಇಂಥ ಊರಿನಲ್ಲಿ ಇಪ್ಪತ್ತು ವರ್ಷದ ಕೂಲಿಯ ಹುಡುಗನೊಬ್ಬನು ಒಂದು ಚೀಲ ಅಡಿಕೆಯೊಡನೆ ಸಿಕ್ಕಿಬಿದ್ದನೆಂದು ಊಹಿಸಿಕೊಳ್ಳೋಣ. ಹಿಂದೆ ಅವನ ಮೇಲೆ ಯಾವ ಮೊಕದ್ದಮೆಯೂ ಇಲ್ಲ. ಮಾಡಿದ್ದನ್ನು ಅವನು ಕೋರ್ಟಿನಲ್ಲಿ ಒಪ್ಪಿಕೊಂಡಿದ್ದಾನೆ. ಅವನನ್ನು ಏನು ಮಾಡತಕ್ಕದ್ದು?

ಸೆರೆಮನೆಗೆ ಕಳಿಸಿರೆಂಬುದು ಅಡಿಕೆ ಕಳೆದುಕೊಂಡವನ ಮಾತು. ಅವನ ಸಂಕಟವನ್ನು ಬಲ್ಲವರು ಅದನ್ನು ತಪ್ಪೆನ್ನಲಾರರು. ಆದರೆ ಆರು ತಿಂಗಳು ಪಳಗಿದ ಕಳ್ಳರ ಸಹವಾಸದಲ್ಲಿದ್ದು ಊರಿಗೆ ಮರಳಿದವನನ್ನು ಕೊನೆ ತೆಗೆಯುವ ಕೆಲಸಕ್ಕೆ ಯಾರು ಕರೆಯುವರು? ಕೂಲಿಯಿಲ್ಲದೆ ಅವನು ಮತ್ತಾರ ಅಂಗಳವನ್ನು ನೋಡುವನು? ಅವನು ಸೆರೆಯಲ್ಲಿದ್ದ ಮಾತ್ರಕ್ಕೆ ಹೋದ ಅಡಿಕೆಯಾದರೂ ಮನೆಗೆ ಬಂದೀತೆ?

ಇದಕ್ಕೊಂದು ನಡುದಾರಿಯನ್ನು ನಮ್ಮ ಶಾಸನವು ಬಹುಕಾಲದ ಹಿಂದೆಯೇ ತೋರಿಸಿಕೊಟ್ಟಿದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯು, ವಕೀಲರ ಬಾಯಿಯಲ್ಲಿ ಪ್ರೊಬೇಷನ್ ಕಾಯಿದೆಯು, ಎರಡು ಬಗೆಯ ಬಿಡುಗಡೆಯನ್ನು ಹೇಳುತ್ತದೆ. ಸಣ್ಣ ಕಳವು, ವಂಚನೆ ಮುಂತಾದ ಕೆಲವು ಅಪರಾಧಗಳಲ್ಲಿಯೂ, ಎರಡು ವರ್ಷಕ್ಕೆ ಮೀರದ ಶಿಕ್ಷೆಯುಳ್ಳ ಇತರ ಅಪರಾಧಗಳಲ್ಲಿಯೂ ಮೊದಲ ಸಲ ಸಿಕ್ಕಿದವನಿಗೆ ಬುದ್ಧಿ ಹೇಳಿ ಬಿಡಬಹುದೆಂದು 3ನೆಯ ಕಲಮು ಹೇಳುತ್ತದೆ. ಮರಣದಂಡನೆಯಾಗಲಿ ಜೀವಾವಧಿ ಶಿಕ್ಷೆಯಾಗಲಿ ಇಲ್ಲದ ಅಪರಾಧಗಳಲ್ಲಿ ಸನ್ನಡತೆಯ ಮುಚ್ಚಳಿಕೆಯನ್ನು ಬರೆಸಿಕೊಂಡು ಬಿಡಬಹುದೆಂಬುದು 4ನೆಯ ಕಲಮು. ಈ ಮುಚ್ಚಳಿಕೆಯ ಅವಧಿ ಮೂರು ವರ್ಷಕ್ಕೆ ಮೀರುವಂತಿಲ್ಲ. ಅಪರಾಧಿಯನ್ನು ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಗೆ ಒಪ್ಪಿಸುವುದಾದರೆ ಅದು ಒಂದು ವರ್ಷಕ್ಕೆ ಕಡಮೆಯಿರಕೂಡದು. ಅಡಿಕೆಯ ಒಡೆಯನಿಗೆ ಪರಿಹಾರ ಕೊಡಿಸುವ ಅಧಿಕಾರವು 5ನೆಯ ಕಲಮಿನಲ್ಲಿದೆ. ಸೆರೆವಾಸದ ತೀರ್ಪಿನಿಂದ ತೃಪ್ತಿಪಡುವ ಬೆಳೆಗಾರರು ಈ ಕಲಮನ್ನೊಮ್ಮೆ ತಮ್ಮ ವಕೀಲರಿಂದ ಓದಿಸಿ ಕೇಳುವುದು ಒಳ್ಳೆಯದು.

ಇಪ್ಪತ್ತೊಂದು ತುಂಬದವರ ವಿಷಯದಲ್ಲಿ ಶಾಸನವು ಇನ್ನೂ ಬಿಗಿಯಾಗಿದೆ. ಅಂಥವನನ್ನು ಸೆರೆಗೆ ಕಳಿಸುವುದೇ ಆದರೆ ಪರಿವೀಕ್ಷಣಾಧಿಕಾರಿಯ ವರದಿಯನ್ನು ತರಿಸಿ, ಕಾರಣಗಳನ್ನು ಬರೆದಿಟ್ಟೇ ಕಳಿಸಬೇಕೆಂದು 6ನೆಯ ಕಲಮು ವಿಧಿಸುತ್ತದೆ. ಆದರೆ ಇದರಲ್ಲೊಂದು ಸೂಕ್ಷ್ಮವಿದೆ. ವಯಸ್ಸನ್ನು ಲೆಕ್ಕ ಹಾಕತಕ್ಕದ್ದು ಕಳವಿನ ದಿನಕ್ಕಲ್ಲ, ವಿಚಾರಣೆಯ ಕೋರ್ಟು ಶಿಕ್ಷೆಯನ್ನು ನಿರ್ಣಯಿಸುವ ದಿನಕ್ಕೆ ಎಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. ನಮ್ಮ ಹುಡುಗನ ಮೊಕದ್ದಮೆಯು ವಾಯಿದೆಯ ಮೇಲೆ ವಾಯಿದೆಯಾಗಿ ಎರಡು ವರ್ಷ ಎಳೆದರೆ, ಅವನ ತಪ್ಪೇನೂ ಇಲ್ಲದೆ ಈ ರಕ್ಷಣೆಯು ಕೈಬಿಟ್ಟುಹೋಗುತ್ತದೆ. ಮುಂದೂಡಿಕೆಯನ್ನು ಸಾಮಾನ್ಯವೆಂದು ಎಣಿಸುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಈ ಏರ್ಪಾಟು ಹುಟ್ಟಿದ್ದು ಸರಕಾರದ ಕಚೇರಿಯಲ್ಲಲ್ಲ. 1841ರಲ್ಲಿ ಅಮೆರಿಕದ ಬಾಸ್ಟನ್ ನಗರದ ಜಾನ್ ಆಗಸ್ಟಸ್ ಎಂಬ ಚಮ್ಮಾರನು ಕುಡುಕನೊಬ್ಬನಿಗೆ ಕೋರ್ಟಿನಲ್ಲಿ ಜಾಮೀನು ನಿಂತು, ಅವನನ್ನು ತಿದ್ದಿ ಮತ್ತೆ ನ್ಯಾಯಾಧಿಪತಿಯ ಮುಂದೆ ನಿಲ್ಲಿಸಿದನಂತೆ. ಆಮೇಲೆ 1878ರಲ್ಲಿ ಮ್ಯಾಸಚೂಸೆಟ್ಸಿನಲ್ಲಿಯೂ 1907ರಲ್ಲಿ ಇಂಗ್ಲೆಂಡಿನಲ್ಲಿಯೂ ಇದು ಶಾಸನವಾಯಿತು. ನಮ್ಮಲ್ಲಿ ಮದರಾಸು ಸರಕಾರವು 1936ರಲ್ಲಿಯೂ ಮುಂಬಯಿ ಸರಕಾರವು 1938ರಲ್ಲಿಯೂ ತಂತಮ್ಮ ಕಾಯಿದೆಗಳನ್ನು ಮಾಡಿಕೊಂಡುದರಿಂದ, ಘಟ್ಟದ ಕೆಳಗಣ ಮಂಗಳೂರಿನವರೂ ಬಯಲುಸೀಮೆಯ ಧಾರವಾಡದವರೂ ಸ್ವಾತಂತ್ರ್ಯಕ್ಕೆ ಮೊದಲೇ ಇಂಥ ಕಾಯಿದೆಗೆ ಒಳಪಟ್ಟಿದ್ದರು.

ಪರಿವೀಕ್ಷಣಾಧಿಕಾರಿಯು ಮಾಡುವ ಕೆಲಸವೇನೆಂಬುದು ಪಟ್ಟಣದ ಓದುಬಲ್ಲವರಿಗೂ ಸ್ಪಷ್ಟವಾಗಿ ತಿಳಿದಂತಿಲ್ಲ. ಅವನು ಪೋಲೀಸಿನವನಲ್ಲ, ವಕೀಲನೂ ಅಲ್ಲ. ಕೋರ್ಟು ಅಪ್ಪಣೆ ಮಾಡಿದೊಡನೆ ಆರೋಪಿಯ ಮನೆಗೆ ಹೋಗಿ, ತಾಯಿತಂದೆಗಳನ್ನು ಕಂಡು, ಎಷ್ಟು ಓದಿದ್ದಾನೆ, ಎಲ್ಲಿ ದುಡಿದಿದ್ದಾನೆ, ಸಾಲವೆಷ್ಟು, ಕುಡಿತವುಂಟೋ ಇಲ್ಲವೋ, ನೆರೆಹೊರೆಯವರು ಏನೆನ್ನುತ್ತಾರೆ ಎಂಬುದನ್ನೆಲ್ಲ ವಿಚಾರಿಸಿ ವರದಿ ಬರೆಯಬೇಕು. ವರದಿಯು ಗೋಪ್ಯವಾದದ್ದು, ಆದರೂ ಅದರ ಸಾರಾಂಶವನ್ನು ಕೋರ್ಟು ಅಪರಾಧಿಗೆ ತಿಳಿಸಿ ಅವನಿಂದ ಉತ್ತರ ಪಡೆಯಬಹುದು. ಬಿಡುಗಡೆಯಾದ ಮೇಲೆ ಅವನ ನಡತೆಯ ಮೇಲೆ ಕಣ್ಣಿಡುವುದು, ಪರಿಹಾರದ ಹಣವನ್ನು ತೀರಿಸಲು ನೆರವಾಗುವುದು, ಬೇಕಾದಲ್ಲಿ ತಕ್ಕ ಕೆಲಸವನ್ನು ಹುಡುಕಿಕೊಡಲು ಪ್ರಯತ್ನಿಸುವುದು, ಇವೆಲ್ಲವೂ 14ನೆಯ ಕಲಮಿನಲ್ಲಿ ಅವನಿಗೆ ವಹಿಸಿದ ಕರ್ತವ್ಯಗಳು. ಎಲ್ಲಿ ವಾಸಿಸಬೇಕು, ಮದ್ಯವನ್ನು ಮುಟ್ಟಕೂಡದು ಎಂಬಂಥ ಷರತ್ತುಗಳನ್ನು ಕೋರ್ಟು ಹಾಕಬಹುದು. ನಡತೆ ಚೆನ್ನಾಗಿದ್ದು ಮೇಲ್ವಿಚಾರಣೆ ಇನ್ನು ಅನಾವಶ್ಯಕವೆಂದು ಕಂಡರೆ ಅವಧಿಗೆ ಮೊದಲೇ ಮುಚ್ಚಳಿಕೆಯಿಂದ ಬಿಡುಗಡೆ ಮಾಡಬಹುದು. ಷರತ್ತು ಮುರಿದರೆ ಮೂಲ ಅಪರಾಧಕ್ಕೇ ಶಿಕ್ಷೆಯಾಗಬಹುದು. ಮೊದಲ ಸಲ ಮುರಿದುದಾದರೆ ಐವತ್ತು ರೂಪಾಯಿಗೆ ಮೀರದ ದಂಡದಲ್ಲಿ ಮುಗಿಯಲೂಬಹುದು. 1958ರಲ್ಲಿ ಈ ಮೊತ್ತವು ಕೂಲಿಯವನಿಗೆ ಭಾರವಾಗಿದ್ದಿರಬೇಕು. ಇಂದು ಕೊಪ್ಪದ ಹೋಟೆಲಿನ ಒಂದು ಊಟಕ್ಕೂ ಅದು ಸಾಲದು. ಶಾಸನವನ್ನು ತಿದ್ದುವವರಿಗೆ ಇದು ಇನ್ನೂ ಕಣ್ಣಿಗೆ ಬಿದ್ದಂತಿಲ್ಲ.

ಹೀಗೆ ಕಾಯಿದೆಯೇನೋ ಅಚ್ಚುಕಟ್ಟಾಗಿದೆ. ಆದರೆ ಪರಿವೀಕ್ಷಣಾಧಿಕಾರಿಯು ಸಾಮಾನ್ಯವಾಗಿ ಜಿಲ್ಲೆಯ ಮಟ್ಟದಲ್ಲಿರುವವನು. ಚಿಕ್ಕಮಗಳೂರಿನಿಂದ ನರಸಿಂಹರಾಜಪುರದ ತನಕ ಘಟ್ಟದ ದಾರಿ. ಅಲ್ಲಿಂದ ಒಳಗಣ ಹಳ್ಳಿಗೆ ಹೋಗಿ, ತೋಟದ ನಡುವಣ ಒಂಟಿಮನೆಯನ್ನು ಹುಡುಕಿ, ತಿಂಗಳಿಗೊಮ್ಮೆಯಾದರೂ ಹುಡುಗನ ಮುಖ ನೋಡಿ ಬರುವುದು ಆಷಾಢದ ಮಳೆಯಲ್ಲಿ ಸಾಧ್ಯವೆ? ಇತ್ತ ಹುಡುಗನೇ ಜಿಲ್ಲಾ ಕೇಂದ್ರಕ್ಕೆ ಬಂದು ಹಾಜರಿ ಹಾಕಬೇಕೆಂದರೆ ಒಂದು ದಿನದ ಕೂಲಿಯೂ ಹೋಯಿತು, ಬಸ್ಸಿನ ಬಾಡಿಗೆಯೂ ಹೋಯಿತು. ದೂರದಿಂದ ಬರೆದ ವರದಿಯು ಠಾಣೆಯ ಕಾಗದದ ನಕಲಾಗುವ ಭಯವುಂಟು, ಮೇಲ್ವಿಚಾರಣೆಯು ರುಜುವಿನಲ್ಲಿ ಮುಗಿಯುವ ಭಯವೂ ಉಂಟು. ಮುಚ್ಚಳಿಕೆ ಬರೆದವನು ಮತ್ತೆ ತಪ್ಪಿ ನಡೆದರೆ, ಬಿಟ್ಟದ್ದೇ ತಪ್ಪಾಯಿತೆಂದು ಊರು ಹೇಳುತ್ತದೆ. ನೋಡಿಕೊಳ್ಳುವವರಾರೂ ಇರಲಿಲ್ಲವೆಂಬುದನ್ನು ಯಾರೂ ಹೇಳುವುದಿಲ್ಲ.

ಈ ಕೊರತೆಗೆ ಪರಿಹಾರವನ್ನು ಹುಡುಕಲು ನಾವು ಹೊಸ ಶಾಸನಕ್ಕಾಗಿ ಕಾಯಬೇಕಾಗಿಲ್ಲ. ಸರಕಾರವು ನೇಮಿಸಿದವನು ಮಾತ್ರವಲ್ಲದೆ, ಸರಕಾರವು ಮನ್ನಿಸಿದ ಸಂಘವೊಂದು ಒದಗಿಸಿದವನೂ ಪರಿವೀಕ್ಷಣಾಧಿಕಾರಿಯಾಗಬಹುದೆಂದು 13ನೆಯ ಕಲಮು ಹೇಳುತ್ತದೆ. ವಿಶೇಷ ಸಂದರ್ಭದಲ್ಲಿ ಕೋರ್ಟಿಗೆ ಯೋಗ್ಯನೆಂದು ಕಂಡ ಬೇರೆ ಯಾವನಾದರೂ ಆ ಕೆಲಸವನ್ನು ಮಾಡಬಹುದೆಂದೂ ಅದೇ ಕಲಮಿನಲ್ಲಿದೆ. ವಿಶ್ರಾಂತಿಯಲ್ಲಿರುವ ಉಪಾಧ್ಯಾಯರು, ಅಂಚೆಯ ಕೆಲಸದಿಂದ ನಿವೃತ್ತರಾದವರು, ಸಹಕಾರ ಸಂಘದಲ್ಲಿ ದುಡಿದವರು ನಮ್ಮ ಒಂದೊಂದು ಹೋಬಳಿಯಲ್ಲಿಯೂ ಇದ್ದಾರೆ. ಮೈಲುಗಟ್ಟಲೆ ನಡೆಯುವ ಕಾಲು, ಒಳಗುಟ್ಟನ್ನು ಬಾಯಿಬಿಡದ ಶೀಲ, ಎರಡು ಪುಟ ಕನ್ನಡದಲ್ಲಿ ನೆಟ್ಟಗೆ ಬರೆಯುವ ಶಕ್ತಿ, ಇಷ್ಟಿದ್ದರೆ ಸಾಕು. ಇಂಥವರ ಹೆಸರುಗಳನ್ನು ತಾಲೂಕು ಕೋರ್ಟಿನಲ್ಲಿ ಮೊದಲೇ ಬರೆದಿಟ್ಟುಕೊಂಡರೆ ವಿಶೇಷ ಸಂದರ್ಭ ಬಂದಾಗ ಹುಡುಕುವ ತೊಡಕಿರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಈ ಸಲಹೆಯೇ ಅಪಾಯಕಾರಿಯಾದೀತು. ಹಿಂದೆ ಹಳ್ಳಿಯ ಎಲ್ಲರ ಸಂಗತಿಯನ್ನೂ ಬಲ್ಲವನೆಂದರೆ ಪಟೇಲನು. ವಂಶಪಾರಂಪರ್ಯವಾದ ಆ ಅಧಿಕಾರವನ್ನು 1961ರ ಕಾಯಿದೆಯು ತೆಗೆದುಹಾಕಿತು. ತೆಗೆದದ್ದು ನ್ಯಾಯವೇ ಸರಿ. ಊರಿನ ಹಿರಿಯರಿಗೆ ಒಪ್ಪಿಸುತ್ತೇವೆಂದು ಹೇಳಿ, ಅಡಿಕೆ ಕಳೆದುಕೊಂಡ ಒಡೆಯನ ಕೈಗೋ ಅವನ ನೆಂಟನ ಕೈಗೋ ಹುಡುಗನನ್ನು ಕೊಟ್ಟರೆ ಅದು ಪರಿವೀಕ್ಷಣೆಯಲ್ಲ, ಮೂರು ವರ್ಷದ ಜೀತ. ನಾಳೆ ಕೂಲಿ ಹೆಚ್ಚು ಕೇಳಿದರೆ ಅದೇ ಷರತ್ತುಭಂಗವೆನಿಸಬಹುದು. ಆದುದರಿಂದ ನೋಡಿಕೊಳ್ಳುವವನು ಕಳೆದುಕೊಂಡವನೂ ಆಗಿರಬಾರದು, ಕೂಲಿ ಕೊಡುವವನೂ ಆಗಿರಬಾರದು. ಈ ನಿಯಮವನ್ನು ಕೋರ್ಟು ಹುಕುಮಿನಲ್ಲಿಯೇ ಬರೆಯಿಸುವುದು ಲೇಸು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಸಮುದಾಯ ಸೇವೆಯೆಂಬ ಹೊಸ ಶಿಕ್ಷೆಯೊಂದನ್ನು ಸೇರಿಸಿದೆ. ಅಂದರೆ ಊರಿಗೆ ಉಪಯೋಗವಾಗುವ ಕೆಲಸವನ್ನು ಸಂಬಳವಿಲ್ಲದೆ ಮಾಡುವುದು. ಐದು ಸಾವಿರ ರೂಪಾಯಿಗೆ ಒಳಪಟ್ಟ ಕಳವಿನಲ್ಲಿ, ಮೊದಲ ಸಲದ ಅಪರಾಧಿಯು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಈ ಶಿಕ್ಷೆ. ಅಡಿಕೆಯ ಲೆಕ್ಕದಲ್ಲಿ ಇದು ಹತ್ತು ಹನ್ನೆರಡು ಕಿಲೋ ಮಾತ್ರ; ನಮ್ಮ ಹುಡುಗನ ಚೀಲವು ಇದಕ್ಕೆ ಮೀರಿದ್ದು. ಕೆಲಸದಾಳು ತನ್ನ ಒಡೆಯನ ಮಾಲನ್ನು ಕದ್ದರೆ ಅದು ಬೇರೆಯೇ ಕಲಮು, ಏಳು ವರ್ಷದ ತನಕ ಶಿಕ್ಷೆ. ಸಮುದಾಯ ಸೇವೆ ಅದಕ್ಕಿಲ್ಲ. ಆದ್ದರಿಂದ ಹೊಸ ಸಂಹಿತೆ ಬಂದಿತೆಂದು ಹಳೆಯ ಪರಿವೀಕ್ಷಣಾ ಕಾಯಿದೆಯನ್ನು ಮೂಲೆಗಿಡುವಂತಿಲ್ಲ.

ಅಧಿಕಾರಿಗಳಲ್ಲಿ ಕೆಲವರು ಈ ಬಿಡುಗಡೆಯನ್ನು ಅಪರಾಧವೇ ಅಳಿಸಿಹೋದಂತೆ ಎಣಿಸುವುದುಂಟು. ಹಾಗಲ್ಲ. ತೀರ್ಪಿನಿಂದ ಅಂಟಿಕೊಳ್ಳುವ ಅನರ್ಹತೆಯನ್ನು 12ನೆಯ ಕಲಮು ತೆಗೆಯುತ್ತದೆ. ಆದರೆ ಅಪರಾಧ ಮಾಡಿದ ನೌಕರನ ಮೇಲೆ ಇಲಾಖೆಯು ಕ್ರಮ ಕೈಗೊಳ್ಳಲು ಅದು ಅಡ್ಡಬರುವುದಿಲ್ಲವೆಂದು 1990ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಜಾಗರೂಕತೆಯಿಂದ ವಾಹನ ನಡೆಸಿ ಪ್ರಾಣ ತೆಗೆದವರಿಗೆ ಈ ಸವಲತ್ತನ್ನು ಸಲೀಸಾಗಿ ಕೊಡಬಾರದೆಂದು 2000ದಲ್ಲಿ ಅದೇ ಕೋರ್ಟು ಎಚ್ಚರಿಸಿತು. 2016ರ ಫೆಬ್ರವರಿಯಲ್ಲಿ ಸೆರೆಮನೆಗಳ ಸ್ಥಿತಿಯನ್ನು ಕುರಿತು ತೀರ್ಪು ಕೊಡುವಾಗ, ಮೊದಲ ಸಲದ ಅಪರಾಧಿಗಳಿಗೆ 1958ರ ಕಾಯಿದೆಯು ಹೇಗೆ ಜಾರಿಯಾಗುತ್ತಿದೆ ಎಂಬುದನ್ನೂ ಜಿಲ್ಲೆಯ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿಯು ನೋಡಬೇಕೆಂದು ನಿರ್ದೇಶಿಸಿತು. ತಾಲೂಕುವಾರು ಹೆಸರುಗಳ ಪಟ್ಟಿಯನ್ನು ಕೇಳಲು ಈ ಸಮಿತಿಗಿಂತ ತಕ್ಕ ಸ್ಥಾನ ಬೇರೊಂದಿಲ್ಲ.

ಉಳಿದದ್ದು ಹೊರಗಿನಿಂದ ಬಂದವರ ವಿಷಯ. ಕಾಫಿ ಕೊಯ್ಲಿಗೆಂದು ಅಸ್ಸಾಮಿನಂಥ ದೂರದ ಸೀಮೆಯಿಂದಲೂ ಈಗ ಈ ಜಿಲ್ಲೆಗೆ ಕೂಲಿಗಳು ಬರುತ್ತಿದ್ದಾರೆ. ಅಪರಾಧಿಗಾಗಲಿ ಅವನ ಜಾಮೀನುದಾರನಿಗಾಗಲಿ ಕೋರ್ಟಿನ ಎಲ್ಲೆಯೊಳಗೆ ಖಾಯಂ ವಾಸಸ್ಥಳವೋ ಉದ್ಯೋಗವೋ ಇರಬೇಕೆಂದು 4ನೆಯ ಕಲಮು ಕೇಳುತ್ತದೆ. ಇಲ್ಲಿ ಮನೆಯಿಲ್ಲ, ಗುರುತಿನವರಿಲ್ಲ ಎಂಬ ಒಂದೇ ಕಾರಣಕ್ಕೆ, ಊರಿನ ಹುಡುಗನಿಗೆ ಸಿಕ್ಕುವ ಮುಚ್ಚಳಿಕೆಯು ಪರಸ್ಥಳದ ಹುಡುಗನಿಗೆ ತಪ್ಪಿಹೋಗಬಹುದು. ಆದರೆ ಮುಚ್ಚಳಿಕೆಯ ಅವಧಿಯಲ್ಲಿ ಅವನು ವಾಸಿಸುವ ಸಂಭವವಿರುವ ಸ್ಥಳವೂ ಆದೀತೆಂದು ಅದೇ ಕಲಮಿನಲ್ಲಿ ಇದೆ. ಎಸ್ಟೇಟಿನ ಲೈನುಮನೆಯನ್ನು ಅಂಥ ವಾಸಸ್ಥಳವೆಂದು ಕೋರ್ಟು ಒಪ್ಪಬೇಕಾದರೆ, ಆ ಲೈನುಮನೆಗೆ ಹೋಗಿ, ಅವನ ಭಾಷೆ ಬಲ್ಲವರನ್ನು ಜೊತೆಗಿಟ್ಟುಕೊಂಡು ವಿಚಾರಿಸಿ ಬರೆದ ವರದಿಯೊಂದು ನ್ಯಾಯಾಧಿಪತಿಗಳ ಮೇಜಿನ ಮೇಲೆ ಇರಬೇಕು.