ಟಿವಿ ಕೇಬಲ್ಲಿನೊಳಗೆ ಎರಡೂವರೆ ಗಿಗಾಬಿಟ್!

ಸೆಕೆಂಡಿಗೆ 2.5 ಗಿಗಾಬಿಟ್! ಅದೂ ಟಿವಿ ಹಿಂದೆ ದೂಳು ಹಿಡಿದು ಬಿದ್ದಿರುವ ಹಳೇ ಕೇಬಲ್ ವೈರಿನಲ್ಲಿ! ಗೋಡೆ ಕೊರೆಯುವುದು ಬೇಡ, ಹೊಸ ಪೈಪು ಬೇಡ, ಮೇಸ್ತ್ರಿಯ ದಾರಿ ಕಾಯುವುದೂ ಬೇಡ. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಈ ವಿದ್ಯೆಯ ಹೆಸರು ಮೋಕಾ. 2004ರಲ್ಲಿ ಅಮೆರಿಕದಲ್ಲಿ ಒಂದಷ್ಟು ಕಂಪನಿಗಳು ಕೂಡಿ ಕಟ್ಟಿಕೊಂಡ ‘ಮಲ್ಟಿಮೀಡಿಯಾ ಓವರ್ ಕೋಆಕ್ಸ್ ಅಲಯನ್ಸ್’ ಇದನ್ನು ರೂಪಿಸಿತು. ಅಲ್ಲಿ ಎಷ್ಟೋ ಮನೆಗಳಲ್ಲಿ ಕೋಣೆ ಕೋಣೆಗೂ ಟಿವಿ ಕೇಬಲ್ ಮೊದಲೇ ಹೋಗಿರುತ್ತದೆ. ಕೇಬಲ್ ಟಿವಿ ಸಾಮಾನ್ಯವಾಗಿ 1000 ಮೆಗಾಹರ್ಟ್ಸ್ ಆಸುಪಾಸಿಗೇ ಮುಗಿಯುತ್ತದೆ. ಮೋಕಾ ಅದರ ಮೇಲೆ, 1125ರಿಂದ 1675ರವರೆಗಿನ ಖಾಲಿ ಜಾಗದಲ್ಲಿ ಕೂರುತ್ತದೆ. ಒಂದೇ ತಂತಿಯಲ್ಲಿ ಟಿವಿಯೂ ಬರುತ್ತದೆ, ಇಂಟರ್ನೆಟ್ಟೂ ಹರಿಯುತ್ತದೆ. ಒಂದರ ಗೊಡವೆ ಇನ್ನೊಂದಕ್ಕಿಲ್ಲ!

ಒಂದು ತುಂಡು ವೈರ್ ಕತ್ತರಿಸಿ ನೋಡಿ. ನಡುವೆ ತಾಮ್ರದ ಕಡ್ಡಿ, ಸುತ್ತ ನೊರೆಯಂಥ ಬಿಳಿ ಪ್ಲಾಸ್ಟಿಕ್, ಅದರ ಮೇಲೆ ಹೊಳೆಯುವ ಹಾಳೆ, ಜಾಲರಿ. ಸಂಕೇತದ ಶಕ್ತಿ ಸಾಗುವುದು ತಾಮ್ರದ ಒಳಗಲ್ಲ, ಆ ಬಿಳಿ ಪ್ಲಾಸ್ಟಿಕ್ಕಿನಲ್ಲಿ! ಕಡ್ಡಿಗೂ ಜಾಲರಿಗೂ ನಡುವೆ ಸಿಕ್ಕಿಬಿದ್ದ ವಿದ್ಯುತ್ಕಾಂತೀಯ ಅಲೆ ಹೊರಗೆ ಸೋರುವುದಿಲ್ಲ, ಹೊರಗಿನ ಗದ್ದಲ ಒಳಗೆ ನುಗ್ಗುವುದಿಲ್ಲ. ಆಲಿವರ್ ಹೆವಿಸೈಡ್ ಎಂಬ ವಿಜ್ಞಾನಿ ಇಂಗ್ಲೆಂಡಿನಲ್ಲಿ ಇಂಥ ಕೇಬಲ್ಲಿಗೆ ಪೇಟೆಂಟ್ ಪಡೆದದ್ದು 1880ರಲ್ಲಿ. ರೇಡಿಯೋ ಕೂಡ ಹುಟ್ಟಿರಲಿಲ್ಲ!

ಜೋಡಣೆಯಂತೂ ಮಕ್ಕಳಾಟ. ಅಡಾಪ್ಟರ್ ಎರಡು ಬೇಕು. ಒಂದನ್ನು ರೂಟರಿಗೂ ಗೋಡೆಯ ಕೇಬಲ್ ಪಾಯಿಂಟಿಗೂ ಸೇರಿಸಿ, ಇನ್ನೊಂದನ್ನು ದೂರದ ಕೋಣೆಯಲ್ಲಿ ತಿರುಪಿ. ದೀಪ ಮಿನುಗುತ್ತದೆ, ಆಮೇಲೆ ಸ್ಥಿರವಾಗುತ್ತದೆ. ಅಷ್ಟರೊಳಗೆ ಅವೆರಡೂ ಒಂದನ್ನೊಂದು ಹುಡುಕಿಕೊಂಡು, ತಂತಿಯನ್ನು ತಪಾಸಣೆ ಮಾಡಿ, ಯಾವ ತರಂಗದ ಮೇಲೆ ಎಷ್ಟು ಬಿಟ್ ಹೇರಬಹುದೆಂದು ಲೆಕ್ಕ ಹಾಕಿರುತ್ತವೆ! ಹೀಗೆ 16 ಸಾಧನಗಳು ಒಂದೇ ಜಾಲದಲ್ಲಿ ಇರಬಹುದು. ವೇಗವನ್ನು ಮಾತ್ರ ಹಂಚಿಕೊಳ್ಳಬೇಕು.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಹೆಬ್ಬೆರಳುದ್ದದ ಒಂದು ಫಿಲ್ಟರ್. ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ ಅದನ್ನು ತಿರುಪಿದರೆ ಟಿವಿ ಸಂಕೇತವನ್ನು ಒಳಗೆ ಬಿಡುತ್ತದೆ, ಮೋಕಾ ಸಂಕೇತ ಪಕ್ಕದ ಮನೆಗೆ ಹೋಗದಂತೆ ತಡೆಯುತ್ತದೆ. ತಡೆದದ್ದನ್ನು ಮನೆಯೊಳಕ್ಕೇ ಮರಳಿಸಿ ಜಾಲಕ್ಕೆ ಬಲವನ್ನೂ ಕೊಡುತ್ತದೆ! ಕೇಬಲ್ಲನ್ನು ಕೋಣೆಗಳಿಗೆ ಕವಲೊಡೆಸುವ ಸ್ಪ್ಲಿಟರ್ ಮೇಲೆ ‘5–1000’ ಎಂದು ಅಚ್ಚಾಗಿದ್ದರೆ ಅದನ್ನೂ ಬದಲಿಸಿ; 1675ರವರೆಗೆ ಬಿಡುವಂಥದ್ದು ಬೇಕು.

ನಮ್ಮ ಮನೆಗಳ ಮಾತು ಸ್ವಲ್ಪ ಬೇರೆ. ಡಿಟಿಎಚ್ ಡಿಶ್ಶಿನಿಂದ ಇಳಿಯುವ ಸಂಕೇತ 950ರಿಂದ 2150 ಮೆಗಾಹರ್ಟ್ಸ್‌ನದು. ಮೋಕಾದ ಜಾಗದಲ್ಲೇ ಅದೂ ಕೂತಿರುತ್ತದೆ. ಚಾಲೂ ಇರುವ ಡಿಶ್ ವೈರಿಗೆ ಇದನ್ನು ಖಂಡಿತ ಸೇರಿಸಬೇಡಿ. ಆದರೆ ಒಟಿಟಿ ಬಂದ ಮೇಲೆ ಡಿಶ್ ಬಿಟ್ಟವರ ಮನೆಯಲ್ಲಿ ತಾರಸಿಯಿಂದ ಹಾಲಿಗೊಂದು, ಮಹಡಿ ಕೋಣೆಗೊಂದು ವೈರ್ ಸುಮ್ಮನೆ ಬಿದ್ದಿರುತ್ತದಲ್ಲ? ಡಿಶ್ಶಿನಿಂದ ಎರಡನ್ನೂ ಬಿಚ್ಚಿ, ಮೇಲಿನ ತುದಿಗಳನ್ನು ಪುಟ್ಟ ಜಾಯಿಂಟಿನಿಂದ ಕೂಡಿಸಿ, ಮಳೆನೀರು ಇಳಿಯದಂತೆ ಬಿಗಿಯಾಗಿ ಸುತ್ತಿದರೆ ಕೆಳಗಿನ ಹಾಲಿಗೂ ಮಹಡಿಗೂ ದಾರಿ ತಯಾರು!

ಹಾಗಾಗಿ ಪೇಂಟಿಂಗ್ ಮಾಡಿಸುವಾಗ ಆ ಕಪ್ಪು ವೈರನ್ನು ಕಿತ್ತು ಗುಜರಿಗೆ ಹಾಕಬೇಡಿ.