ಕುಡಿತ ಬಿಟ್ಟವರ ಕೂಟ

1935ರ ಮೇ ತಿಂಗಳಲ್ಲಿ, ಅಮೆರಿಕದ ಆಕ್ರನ್ ನಗರದಲ್ಲಿ ವ್ಯವಹಾರವೊಂದು ಮುರಿದುಬಿದ್ದಾಗ, ಐದು ತಿಂಗಳಿಂದ ಮದ್ಯ ಮುಟ್ಟದಿದ್ದ ಬಿಲ್ ವಿಲ್ಸನ್ನನಿಗೆ ಹಳೆಯ ಬಯಕೆ ಕೆರಳಿತು. ತನ್ನಂಥ ಮತ್ತೊಬ್ಬ ಕುಡುಕನೊಡನೆ ಮಾತನಾಡಿದರೆ ಉಳಿದೇನೆಂದು ಆತನು ಹುಡುಕಿದನು. ದೊರೆತವನು ಬಾಬ್ ಸ್ಮಿತ್. ಶಸ್ತ್ರವೈದ್ಯನಾಗಿದ್ದೂ ತನ್ನ ಚಟವನ್ನು ಗೆಲ್ಲಲಾರದವನು. ಅವರಿಬ್ಬರ ಮಾತುಕತೆಯೇ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಂಘದ ಮೂಲ.

ಮದ್ಯವು ದೇಹವನ್ನು ಬಿಟ್ಟರೂ ಅದರ ನೆನಪು ಮಿದುಳನ್ನು ಬೇಗನೆ ಬಿಡದು. ಆ ದೀರ್ಘಕಾಲದಲ್ಲಿ ಅನುಭವಿಗಳ ಕೂಟವು ಊರುಗೋಲಾಗುತ್ತದೆ; ನೆರವಿತ್ತವನೂ ಅದರಿಂದ ದೃಢನಾಗುತ್ತಾನೆ. 2020ರಲ್ಲಿ ಕಾಕ್ರೇನ್ ಸಂಸ್ಥೆಯು 27 ಅಧ್ಯಯನಗಳನ್ನು ಪರಿಶೀಲಿಸಿತು. ಈ ಕೂಟಕ್ಕೆ ಸೇರಿಸುವ ಚಿಕಿತ್ಸೆ ಪಡೆದವರಲ್ಲಿ ವರ್ಷದ ಕೊನೆಗೆ ನೂರಕ್ಕೆ 42 ಮಂದಿ ಪೂರ್ಣವಾಗಿ ಮದ್ಯ ತೊರೆದಿದ್ದರು. ಇತರ ಚಿಕಿತ್ಸೆ ಪಡೆದವರಲ್ಲಿ 35 ಮಂದಿ.

ಆದರೆ ಬಹುಕಾಲದ ಕುಡಿತವನ್ನು ಥಟ್ಟನೆ ನಿಲ್ಲಿಸಿದರೆ ಮೂರ್ಛೆ ಬರಬಹುದು. ಮೊದಲ ದಿನಗಳಲ್ಲಿ ವೈದ್ಯರ ಆರೈಕೆಯೂ ಅಗತ್ಯವೆಂಬುದನ್ನು ನಾವು ನೆನಪಿಡಬೇಕು.